ಗಾಬರಿಗೆ ಅರ್ಥ ಬರೆದದ್ದು

"ಗಾಬರಿ ನಿಮಗಿರಲಿ," ಎಂದು ಸಂಪಾದಕರು ದಾರ ಸುತ್ತಿದ ಚೀಟಿಗಳ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟು ತಮ್ಮ ಕೋಣೆಗೆ ಹೋದರು.

ಎದುರು ಮೇಜಿನಲ್ಲಿದ್ದ ಹಿರಿಯ ಸಹಾಯಕರು ತಲೆಯೆತ್ತಿ, "ನೋಡಿದ್ರಾ? ನಮಗೆಲ್ಲ ಕಟ್ಟು ಬಿಚ್ಚಿದ ಮೇಲೆ ಗಾಬರಿ ಆಗ್ತಿತ್ತು. ನಿಮಗೆ ಕಟ್ಟಿನ ಜೊತೇಲೇ ಕೊಟ್ಬುಟ್ರು," ಎಂದು ನಕ್ಕರು.

ನಾನು ನಗಲಿಲ್ಲ. ಆ ಕಟ್ಟಿನ ಮೇಲೆ ನನ್ನ ಕೆಲಸ ನಿಂತಿತ್ತು.

ಮೈಸೂರಿನ ಒಂದು ನಿಘಂಟಿನ ಕಚೇರಿಯಲ್ಲಿ ನಾನಾಗ ತಾತ್ಕಾಲಿಕವಾಗಿ ಚೀಟಿ ನಕಲು ಮಾಡುತ್ತಿದ್ದೆ. ಓದುವವರು ಪುಸ್ತಕದಲ್ಲಿ ಗೆರೆ ಎಳೆದ ವಾಕ್ಯವನ್ನು ಅಂಗೈ ಅಗಲದ ಚೀಟಿಗೆ ಇಳಿಸಿ, ನೆತ್ತಿಯಲ್ಲಿ ಪದವನ್ನೂ ಕೆಳಗೆ ಪುಸ್ತಕದ ಹೆಸರು, ಪುಟಗಳನ್ನೂ ಬರೆಯುವುದು ನನ್ನ ಪಾಲಿನ ಕೆಲಸ. ಆ ನಕಲು ಯುಗಾದಿಯ ಹೊತ್ತಿಗೆ ಮುಗಿಯಲಿತ್ತು. ಆಮೇಲೆ ಅರ್ಥ ಬರೆಯುವವರಿಗಷ್ಟೇ ಅಲ್ಲಿ ಕುರ್ಚಿ. ಅದುವರೆಗೆ ಆ ಕಚೇರಿಯಲ್ಲಿ ಹೆಂಗಸರಾರೂ ಅರ್ಥ ಬರೆದಿರಲಿಲ್ಲ. ಆ ಕುರ್ಚಿ ನನಗೂ ಸಿಗಬಹುದೇ ಎಂದು ಕೇಳಿದಾಗ ಸಂಪಾದಕರು, "ಒಂದು ಪದ ಬರೆದು ತೋರಿಸಿ. ಸಭೆಯಲ್ಲಿ ಎರಡು ಸಲ ಓದಲು ಅವಕಾಶ. ಒಪ್ಪಿಗೆಯಾದರೆ ಉಳಿಯುತ್ತೀರಿ. ಆಗದಿದ್ದರೆ ಹಬ್ಬ ಮುಗಿಸಿಕೊಂಡು ಬರುವುದು ಬೇಡ," ಎಂದಿದ್ದರು. ಮಾತು ನೇರವಾಗಿತ್ತು. ನನಗೆ ಅದೇ ಸರಿ ಅನ್ನಿಸಿತು.

ಅರ್ಥ ಬರೆಯುವ ಕ್ರಮವನ್ನು ನಾನು ಪಕ್ಕದಲ್ಲಿ ಕುಳಿತೇ ಕಲಿತಿದ್ದೆ. ಮೊದಲು ಚೀಟಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಬೇಕು. ಆಮೇಲೆ ಒಂದೇ ಬಗೆಯ ಅರ್ಥ ಕೊಡುವವನ್ನು ಒಂದೊಂದು ಗುಡ್ಡೆ ಮಾಡಬೇಕು. ಗುಡ್ಡೆಗೆ ಒಂದರಂತೆ ಅರ್ಥ. ಶುಕ್ರವಾರದ ಸಭೆಯಲ್ಲಿ ಅದಕ್ಕೆ ಪರೀಕ್ಷೆ. ಚೀಟಿಯ ವಾಕ್ಯದಿಂದ ಪದವನ್ನು ಎಬ್ಬಿಸಿ, ಅದರ ಜಾಗದಲ್ಲಿ ನಾವು ಬರೆದ ಅರ್ಥವನ್ನು ಕೂರಿಸಿ, ಗಟ್ಟಿಯಾಗಿ ಓದಬೇಕು. ವಾಕ್ಯ ನಿಂತರೆ ಅರ್ಥ ನಿಂತ ಹಾಗೆ. ಚೀಟಿಗಳು ಮುಗಿದ ಮೇಲೆ ಸಭೆಯಲ್ಲಿದ್ದವರು ತಮ್ಮದೇ ಒಂದೊಂದು ವಾಕ್ಯ ಹೇಳುವರು. ಅದರಲ್ಲೂ ಕೂರಿಸಬೇಕು. ಯಾವುದಾದರೂ ಚೀಟಿಯನ್ನು ನಾವು 'ಸಡಿಲ ಪ್ರಯೋಗ' ಎಂದು ಹೊರಗಿಟ್ಟಿದ್ದರೆ ಅದನ್ನೂ ಕೊನೆಯಲ್ಲಿ ಓದಿ, ಏಕೆ ಹೊರಗಿಟ್ಟೆವೆಂದು ಹೇಳಬೇಕು. ಸಭೆಯಲ್ಲಿ ಮೂವರು: ಸಂಪಾದಕರು, ಹಿಂದೆ ಅರಮನೆಯ ಪಾಠಶಾಲೆಯಲ್ಲಿದ್ದ ವಯಸ್ಸಾದ ಪಂಡಿತರು, ಮತ್ತು ಹಿರಿಯ ಸಹಾಯಕರು.

ಚೀಟಿಗಳು ಹೆಚ್ಚಿರಲಿಲ್ಲ. ಹಳೆಯ ಕಾವ್ಯಗಳಲ್ಲಿ ಗಾಬರಿ ಇಲ್ಲ. ಈಚಿನ ಕಥೆ, ನಾಟಕ, ವೃತ್ತಪತ್ರಿಕೆಗಳದ್ದೇ ಎಲ್ಲ. ಪಂಡಿತರಿಗೆ ಆ ಪದದ ಮೇಲೆ ಅಷ್ಟೇನೂ ಗೌರವವಿರಲಿಲ್ಲ. "ಉತ್ತರದ ಕಡೆಯಿಂದ ದಂಡಿನ ಜೊತೆ ಬಂದಿರಬೇಕು. ಬಂದದ್ದು ಹೋಗಲಿಲ್ಲ. ಈಗ ನನ್ನ ಮೊಮ್ಮಕ್ಕಳು ಬಾಯಿ ತೆಗೆದರೆ ಗಾಬರಿ," ಎನ್ನುತ್ತಿದ್ದರು.

ಹೊಸಬರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಇದೇ ಜಾತಿಯ ಬೇರೆ ಪದಗಳಿಗೆ ಹಿರಿಯರು ಏನು ಬರೆದಿದ್ದಾರೆಂದು ನೋಡಲು ಹೊರಟೆ. ಸ್ವರಾಕ್ಷರಗಳ ಸಂಚಿಕೆ ಆಗಲೇ ಅಚ್ಚಾಗಿ ಹೊರಬಂದಿತ್ತು. ಅದರಲ್ಲಿ 'ಆತಂಕ' ತೆಗೆದೆ. 'ಕಳವಳ, ಗಾಬರಿ' ಎಂದಿತ್ತು. ಕಕಾರದ ಪುಟಗಳು ಇನ್ನೂ ಅಚ್ಚುಕೂಟದಲ್ಲಿದ್ದವು. ಕರಡಚ್ಚಿನ ಪ್ರತಿ ಹಿರಿಯ ಸಹಾಯಕರ ಕಪಾಟಿನಲ್ಲಿತ್ತು. ಅದರಲ್ಲಿ 'ಕಳವಳ' ನೋಡಿದೆ. 'ಆತಂಕ, ಗಾಬರಿ.' ನನ್ನ ಕಟ್ಟಿನ ಮೇಲೆ, ಹಿಂದೆ ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟ ಸೂಚನೆಯೊಂದಿತ್ತು: 'ಆತಂಕ, ಕಳವಳ.'

ಅಕ್ಷರಮಾಲೆಯ ಕ್ರಮದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಆಗಬಹುದಾದ ತಪ್ಪು ಇದು. ಆತಂಕ ಬರೆದವರಿಗೆ ಗಾಬರಿಯ ಸರದಿ ಬರಲು ವರ್ಷಗಳಿದ್ದವು. ಅಲ್ಲಿ ಯಾರಾದರೂ ವಿವರಿಸುತ್ತಾರೆಂದು ಮುಂದಕ್ಕೆ ಕಳಿಸಿದ್ದರು. ಕಳವಳ ಬರೆದವರು ಒಂದು ಕೈ ಹಿಂದಕ್ಕೆ, ಒಂದು ಕೈ ಮುಂದಕ್ಕೆ ತೋರಿಸಿದ್ದರು. ಈಗ ನಾನೂ ಹಿಂದಕ್ಕೆ ತೋರಿಸಿಬಿಟ್ಟರೆ ಆ ಪದಗಳ ಅರ್ಥ ಬಲ್ಲವರಿಗಷ್ಟೇ ನಮ್ಮ ನಿಘಂಟು ಅರ್ಥವಾಗುತ್ತಿತ್ತು.

ಕಳವಳ ಬರೆದವರು ಹಿರಿಯ ಸಹಾಯಕರೇ. ಮೈಸೂರಿನ ದಕ್ಷಿಣದ ಹಳ್ಳಿಯೊಂದರ ಒಕ್ಕಲು ಮನೆತನದಿಂದ ಬಂದು ಎಂ.ಎ. ಮಾಡಿದವರು. ಬರವಣಿಗೆಯಲ್ಲಿ ಒಂದು ಹಕಾರವನ್ನೂ ಬಿಡದ ಅವರು ಮಾತಿನಲ್ಲಿ ಒಂದನ್ನೂ ಉಳಿಸುತ್ತಿರಲಿಲ್ಲ. ಮೂರನ್ನೂ ಅವರ ಮುಂದಿಟ್ಟೆ.

ಅವರು ನೋಡಿದರು. ಕಿವಿ ಸ್ವಲ್ಪ ಕೆಂಪಾಯಿತು. "ಕೋಶ ಅಂದ್ರೆ ಇಂಗೇ ಕಣಮ್ಮ. ಒಂದು ಪದ ಇನ್ನೊಂದರ ಕೈ ಇಡ್ಕೊಂಡೇ ನಿಲ್ಬೇಕು. ಎಲ್ಲಾನೂ ಒಂಟಿಕಾಲಲ್ಲಿ ನಿಲ್ಸೋಕಾಯ್ತದಾ?"

"ಮೂರೂ ಕೈ ಹಿಡ್ಕೊಂಡು ಸುತ್ತುತ್ತಿವೆ, ಸರ್. ನಿಂತಿಲ್ಲ," ಎಂದೆ.

ಪಂಡಿತರು ಗೋಡೆಯ ಪಕ್ಕದ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೆಂದುಕೊಂಡಿದ್ದೆ. ಕಣ್ಣು ತೆರೆಯದೆಯೇ ಅವರ ಹೊಟ್ಟೆ ಕುಲುಕತೊಡಗಿತು. "ಮೂರು ಮನೆಯವರೂ ಈವತ್ತು ಊಟ ಪಕ್ಕದ ಮನೇಲಿ ಅಂತ ಹೊರಟಿದ್ದಾರೆ. ಯಾರ ಮನೇಲೂ ಒಲೆ ಹಚ್ಚಿಲ್ಲ," ಎಂದರು.

ಸಂಪಾದಕರು ನಗಲಿಲ್ಲ. ಆತಂಕ ಅಚ್ಚಾಗಿ ಮನೆಮನೆ ಸೇರಿದೆ, ಅದನ್ನು ಮುಟ್ಟುವಂತಿಲ್ಲ. ಕಳವಳದ ಅಚ್ಚುಮೊಳೆಗಳ ಜೋಡಣೆ ಮುಗಿದಿದೆ. ಯಂತ್ರಕ್ಕೆ ಹೋಗುವ ಮುಂಚೆ ತಿದ್ದಬಹುದು, ಆದರೆ ಏನೆಂದು ತಿದ್ದುವುದು? "ಒಲೆ ಗಾಬರಿಯ ಮನೆಯಲ್ಲಿ ಹಚ್ಚಬೇಕು," ಎಂದು ಅವರು ನನ್ನ ಕಡೆ ತಿರುಗಿದರು. "ಗಾಬರಿಯನ್ನು ಆಸರೆ ಮಾಡಿಕೊಂಡ ಯಾವ ಪದವನ್ನೂ ನೀವು ಬಳಸಕೂಡದು. ದಿಗಿಲು, ತಳಮಳ, ಉದ್ವೇಗ, ಅವೂ ಬೇಡ. ಆಗುತ್ತದೆಯೋ?"

"ಆಗುತ್ತದೆ," ಎಂದೆ. ಹೇಗೆಂದು ಗೊತ್ತಿರಲಿಲ್ಲ.

ಮೊದಲ ಶುಕ್ರವಾರಕ್ಕೆ ನಾನು ಬರೆದುಕೊಂಡು ಹೋದದ್ದು ಇದು: 'ಅನಿರೀಕ್ಷಿತ ಸಂಗತಿಯೊಂದರಿಂದ ಚಿತ್ತಸ್ಥೈರ್ಯಕ್ಕೆ ಒದಗುವ ಭಂಗ.' ನನಗೆ ಅದರ ಮೇಲೆ ಅಭಿಮಾನವಿತ್ತು. ಯಾವ ನಿಷಿದ್ಧ ಪದವೂ ಇರಲಿಲ್ಲ, ಓದಲು ಗಂಭೀರವಾಗಿತ್ತು. ಚೀಟಿಗಳ ಮೇಲೆ ಹೇಗೋ ಕುಂಟುತ್ತ ಸಾಗಿತು. ಕಳ್ಳ ನುಗ್ಗಿದ ಮನೆಯವರಿಗೆ ಚಿತ್ತಸ್ಥೈರ್ಯದ ಭಂಗವಾಯಿತು. ರೈಲು ತಪ್ಪಿದ ಗೃಹಸ್ಥರಿಗೂ ಆಯಿತು. ಸ್ವಂತ ವಾಕ್ಯಗಳ ಸರದಿ ಬಂದಾಗ ಹಿರಿಯ ಸಹಾಯಕರು ಗಂಟಲು ಸರಿಪಡಿಸಿಕೊಂಡರು.

"ನಮ್ಮೂರ ಮಾತು ಏಳ್ತೀನಿ. 'ಲೇ, ಯಾಕ್ಲಾ ಇಂಗೆ ಗಾಬರಿ ಬಿದ್ದು ಓಡ್ತಿದ್ದೀಯೆ?' ಕೂರ್ಸಿ, ಅಮ್ಮಾ."

ನಾನು ಕೂರಿಸಲೇಬೇಕಾಗಿತ್ತು. "ಲೇ, ಯಾಕ್ಲಾ ಹಿಂಗೆ," ಎಂದು ಶುರುಮಾಡಿ, "ಅನಿರೀಕ್ಷಿತ ಸಂಗತಿಯೊಂದರಿಂದ ಚಿತ್ತಸ್ಥೈರ್ಯಕ್ಕೆ ಒದಗುವ ಭಂಗಕ್ಕೆ ಬಿದ್ದು ಓಡ್ತಿದ್ದೀಯೆ," ಎಂದು ಮುಗಿಸಿದೆ. ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡರು. ಪಂಡಿತರು ಮಾತ್ರ ಮುಖ ಬಿಗಿಹಿಡಿದು, "ಮಗು, ಅರ್ಥ ಕೆಟ್ಟದ್ದೇನಲ್ಲ. ಆದರೆ ನಮ್ಮ ನಾಟಕಗಳಲ್ಲಿ ರಾಜಕುಮಾರ ಉದ್ಯಾನದಲ್ಲಿ ರಾಜಕುಮಾರಿಯನ್ನ ಮೊದಲ ಸಲ ನೋಡಿದಾಗ ಆಗೋದೂ ಇದೇ. ಅದಕ್ಕೂ ಗಾಬರಿ ಅನ್ನೋಣವೋ?" ಎಂದರು.

ಒಂದು ಅವಕಾಶ ಹೋಯಿತು.

ಸಭೆ ಮುಗಿದ ಮೇಲೆ ಹಿರಿಯ ಸಹಾಯಕರು ನನ್ನ ಮೇಜಿನ ಬಳಿ ಬಂದರು. ಗೇಲಿ ಮಾಡಲು ಬಂದರೆಂದುಕೊಂಡೆ. "ಬೇಜಾರಾಗ್ಬೇಡಿ. ಸುಲಭದ ದಾರಿ ಇಡೀರಿ. 'ಭಯದಿಂದ ಉಂಟಾಗುವ ಆತುರ' ಅನ್ನಿ. ಭಯ ಎಲ್ಲಾರ್ಗೂ ಗೊತ್ತು, ಆತುರ ಎಲ್ಲಾರ್ಗೂ ಗೊತ್ತು. ಚೀಟಿಗೆಲ್ಲ ಒಂದ್ಕತದೆ. ನಾನು ಒಪ್ತೀನಿ, ಸಂಪಾದಕರೂ ಒಪ್ತಾರೆ. ಇಬ್ಬರು ಸಾಕು."

ಕೂರಿಸಿ ನೋಡಿದೆ. ಎಲ್ಲ ಚೀಟಿಗಳಿಗೂ ಹೊಂದಿತು, ಒಂದನ್ನು ಬಿಟ್ಟು. ಆ ಒಂದರಲ್ಲಿ, ಬೀಗರು ಹೇಳಿದ ಹೊತ್ತಿಗಿಂತ ಮೊದಲೇ ಬಂದಿಳಿದು ಮದುವೆಮನೆಯಲ್ಲಿ ಗಾಬರಿಯೆದ್ದ ಸಂಗತಿಯಿತ್ತು. ಬೀಗರನ್ನು ಕಂಡು ಯಾರಿಗೂ ಭಯವಾಗಿರಲಿಲ್ಲ. "ಅದು ಬರೆದೋರ ಸಡಿಲ. ಒರಗಿಡಿ," ಎಂದರು ಅವರು. ನಾನು ಅದನ್ನು ಪ್ರತ್ಯೇಕವಾಗಿ ಒಂದು ಗುಂಡುಸೂಜಿ ಚುಚ್ಚಿ ಇಟ್ಟೆ. ಅರ್ಥವನ್ನು ಶುದ್ಧಪ್ರತಿ ಮಾಡಿದೆ. ಕೆಲಸ ಉಳಿಯುವ ಹಾಗೆ ಕಂಡಿತು. ಆದರೂ ಆ ಚೀಟಿ ಮನಸ್ಸಿಗೆ ಹಿತವಾಗಲಿಲ್ಲ.

ಮನೆಯಲ್ಲಿ ಕೇಳಿ ನೋಡಿದೆ. ಅಗ್ರಹಾರದಲ್ಲಿ ನಮ್ಮದು ಉದ್ದನೆಯ ಇಕ್ಕಟ್ಟಾದ ಮನೆ. ನಮ್ಮ ಸೋದರತ್ತೆ, ತಂದೆಯ ಅಕ್ಕ, ನಮ್ಮ ಜೊತೆಯೇ ಇದ್ದರು. ದಿನಕ್ಕೆ ಎಷ್ಟು ಸಲ ಗಾಬರಿ ಎನ್ನುತ್ತಿದ್ದರೋ ಲೆಕ್ಕವಿಲ್ಲ.

"ಅತ್ತೆ, ಗಾಬರಿ ಅಂದ್ರೆ ಏನು?"

"ಗಾಬರಿ ಅಂದ್ರೆ ಗಾಬರಿ ಕಣೇ. ಯಾಕೆ, ಏನಾಯ್ತು?" ತುರಿಯುತ್ತಿದ್ದ ತೆಂಗಿನ ಹೋಳು ಕೆಳಗಿಟ್ಟರು.

"ಏನೂ ಆಗಿಲ್ಲ. ಕಚೇರಿ ಕೆಲಸಕ್ಕೆ."

"ಕಚೇರೀಲಿ ಏನಾಯ್ತೇ? ಯಾರು ಏನಂದ್ರು? ಸರಿಯಾಗಿ ಹೇಳು, ಸುಮ್ಮನೆ ಗಾಬರಿ ಮಾಡಬೇಡ!"

ಕೇಳುವುದರಿಂದ ಪ್ರಯೋಜನವಿಲ್ಲವೆಂದು ಅಲ್ಲಿಗೆ ಖಚಿತವಾಯಿತು. ಅರ್ಥ ಕೇಳಿದರೆ ಜನ ಅದೇ ಪದವನ್ನೋ ಅದರ ಅಕ್ಕತಂಗಿಯರನ್ನೋ ತಿರುಗಿ ಕೊಡುತ್ತಾರೆ. ನಾವು ಕಚೇರಿಯಲ್ಲಿ ಮಾಡಿದ್ದೂ ಅದನ್ನೇ. ಆದ್ದರಿಂದ ಕೇಳುವುದನ್ನು ನಿಲ್ಲಿಸಿ, ಯಾರಾದರೂ ಆ ಮಾತನ್ನಾಡಿದಾಗ ಅಲ್ಲಿ ಏನು ನಡೆಯುತ್ತಿದೆಯೆಂದು ಗಮನಿಸತೊಡಗಿದೆ. ಮಾರುಕಟ್ಟೆಯಲ್ಲಿ, ನಲ್ಲಿಯ ಬಳಿ, ಬಸ್ಸು ನಿಲ್ಲುವಲ್ಲಿ. ಕೆಲವು ಸಂಗತಿಗಳು ಬೇಗ ಕಂಡವು. ಜನ ಈ ಪದವನ್ನು ಹೆಚ್ಚಾಗಿ ಬಳಸುವುದು ಬೇಡವೆನ್ನಲು: ಗಾಬರಿಯಾಗಬೇಡಿ, ಗಾಬರಿಬೀಳುವಂಥದ್ದೇನಿಲ್ಲ. ಹಾಗೆಂದ ಕೂಡಲೇ, ಅದುವರೆಗೆ ನೆಮ್ಮದಿಯಾಗಿದ್ದವರಿಗೂ ಗಾಬರಿಯಾಗುತ್ತದೆ. ಇನ್ನೊಂದು: ಗಾಬರಿ ಬಹಳ ಹೊತ್ತು ಇರುವುದಿಲ್ಲ. ಮೂರು ತಿಂಗಳಿಂದ ಕಳವಳ ಎನ್ನುವವರಿದ್ದಾರೆ, ಚಿಂತೆ ಎನ್ನುವವರಿದ್ದಾರೆ. ಮೂರು ತಿಂಗಳಿಂದ ಗಾಬರಿ ಎಂದು ಯಾರೂ ಹೇಳಿದ್ದನ್ನು ಕೇಳಲಿಲ್ಲ. ಇಷ್ಟು ತಿಳಿದರೂ ಅರ್ಥದ ವಾಕ್ಯ ಕೂಡಿಬರಲಿಲ್ಲ.

ಎರಡನೆಯ ಸಭೆಗೆ ಮುಂಚಿನ ಬುಧವಾರ ಯಾವುದೋ ಜಯಂತಿಗೆ ರಜೆ. ನಾನು ಮನೆಯ ಜಗಲಿಯ ಮೇಲೆ ಚೀಟಿಗಳ ಕಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತು ಶುದ್ಧಪ್ರತಿಯನ್ನು ಓದಿಕೊಳ್ಳುತ್ತಿದ್ದೆ.

ನಮ್ಮ ಬೀದಿಗೆ ತಂತಿ ಸಂದೇಶ ತರುತ್ತಿದ್ದವರು ವಯಸ್ಸಾದ ಒಬ್ಬ ಸಾಹೇಬರು. ಅವರದೊಂದು ಪದ್ಧತಿಯಿತ್ತು. ಒಳ್ಳೆಯ ಸುದ್ದಿಯಾದರೆ ಬೀದಿಯ ತಿರುವಿನಲ್ಲೇ ಸೈಕಲ್ ಗಂಟೆ ಬಾರಿಸಿ, "ಶುಭವೇ ತಾಯಂದ್ರಾ, ಶುಭವೇ!" ಎಂದು ಕೂಗಿಕೊಂಡೇ ಬರುವರು. ಕೆಟ್ಟದ್ದಾದರೆ ಸೈಕಲ್ಲಿನಿಂದಿಳಿದು, ಅದನ್ನು ತಳ್ಳಿಕೊಂಡು, ಸದ್ದಿಲ್ಲದೆ ನಡೆದು ಬರುವರು. ಲಕೋಟೆಯೊಳಗೆ ಏನಿದೆಯೆಂದು ಅವರಿಗೆ ಗೊತ್ತಿರಬಾರದು, ಹೇಗೋ ಗೊತ್ತಿರುತ್ತಿತ್ತು. ಇಡೀ ಅಗ್ರಹಾರ ಆ ಗಂಟೆಯನ್ನು ನಂಬಿಕೊಂಡಿತ್ತು.

ಆ ದಿನ ಬಂದವನು ಬೇರೆ, ಹೊಸಬ. ಸೈಕಲ್ ತಳ್ಳಿಕೊಂಡು, ಸುಮ್ಮನೆ, ಬಾಗಿಲುಗಳ ನಂಬರು ನೋಡುತ್ತ ಬಂದ. ಅವನ ಹಿಂದಿನ ಚಕ್ರದ ಗಾಳಿ ಹೋಗಿತ್ತು ಎಂಬುದು ಆಮೇಲೆ ತಿಳಿಯಿತು. ಎದುರು ಮನೆಯ ಮುಂದೆ ನಿಂತ. ಆ ಮನೆಯಾಕೆಯ ಒಬ್ಬನೇ ಮಗ ಮುಂಬಯಿಯಲ್ಲಿದ್ದ.

ಆಕೆ ಬಾಗಿಲಿಗೆ ಬಂದರು. ಕಾಕಿ ಬಟ್ಟೆ ಕಂಡರು, ತಳ್ಳಿದ ಸೈಕಲ್ ಕಂಡರು. ಒಳಗೆ ಓಡಿದರು. ಒಂದು ಚೊಂಬು ನೀರು ತಂದು ತಂತಿಯವನ ಕೈಗೆ ಕೊಟ್ಟರು. ಅವನು ಕೇಳಿರಲಿಲ್ಲ. ಮತ್ತೆ ಒಳಗೆ ಹೋಗಿ ಮಣೆ ತಂದು ಹಾಕಿದರು. ಮತ್ತೆ ಹೋಗಿ ಕಸಪೊರಕೆ ಹಿಡಿದು ಬಂದು, ಅದನ್ನು ನೋಡಿ, ಮೂಲೆಗಿಟ್ಟರು. ಅಷ್ಟರಲ್ಲಿ ನಮ್ಮ ಅತ್ತೆ ಹುಳಿಯ ಸೌಟು ಹಿಡಿದುಕೊಂಡೇ ಬೀದಿ ದಾಟಿದ್ದರು. ಪಕ್ಕದ ಮನೆಯ ಯಜಮಾನರು ಸ್ನಾನದ ಪಂಚೆಯ ಮೇಲೆ ಕೋಟು ತೊಟ್ಟು, "ನಾನು ಹೋಗಿಬರ್ತೀನಿ," ಎಂದು ಹೊರಟು, ನಾಲ್ಕು ಹೆಜ್ಜೆ ಇಟ್ಟು, "ಎಲ್ಲಿಗೆ?" ಎಂದು ತಾವೇ ಕೇಳಿದರು.

"ಸುಮ್ಮನೆ ನಿಂತ್ಕೊಂಡ್ರೆ ಆಯ್ತೇನೇ?" ಅತ್ತೆ ನನ್ನತ್ತ ಸೌಟು ಬೀಸಿದರು. "ಇಂಗ್ಲಿಷ್ ಬರೋದು ನಿನಗೊಬ್ಬಳಿಗೇ. ಬಾ, ಓದು!"

ಎದುರು ಮನೆಯಾಕೆ ಲಕೋಟೆಯನ್ನು ನನ್ನ ಕೈಯಲ್ಲಿಟ್ಟು ಸೆರಗಿನ ತುದಿ ಬಾಯಿಗೊತ್ತಿಕೊಂಡರು. ನಾನು ಸಮಾಧಾನವಾಗಿಯೇ ಇದ್ದೇನೆ ಎಂದುಕೊಂಡಿದ್ದೆ. ಲಕೋಟೆ ಹರಿದೆ, ಹಾಳೆ ಬಿಡಿಸಿದೆ. ಒಂದಕ್ಷರವೂ ಓದಲು ಬರಲಿಲ್ಲ. ಯಾವುದೋ ಗೊತ್ತಿಲ್ಲದ ಲಿಪಿಯ ಹಾಗೆ ಕಂಡಿತು.

"ಅಮ್ಮಾ," ಎಂದ ತಂತಿಯವನು, ಚೊಂಬನ್ನು ಇನ್ನೂ ಹಿಡಿದುಕೊಂಡೇ, "ತಲೆಕೆಳಗಾಗಿ ಇಡ್ದಿದ್ದೀರಿ."

ತಿರುಗಿಸಿದೆ. ಮಗ, ಸೊಸೆ, ಮಗು ನಾಳೆ ಬೆಳಗಿನ ರೈಲಿಗೆ ಬರುತ್ತಿದ್ದಾರೆ ಎಂದಿತ್ತು.

ಆಮೇಲೆ ಎದುರು ಮನೆಯಾಕೆ, "ಇಷ್ಟೇನಾ? ಅಯ್ಯೋ, ಇಷ್ಟೇನಾ!" ಎಂದು ಮಣೆಯ ಮೇಲೆ ಕುಳಿತು ನಕ್ಕರು. ಕೋಟು ತೊಟ್ಟ ಯಜಮಾನರೂ ನಕ್ಕರು. ನಗು ಪೂರ್ತಿ ಮುಗಿದಿರಲಿಲ್ಲ, ಆಕೆ ಎದ್ದುನಿಂತರು. "ನಾಳೇನಾ? ನಾಳೆ ಬೆಳಿಗ್ಗೇನಾ? ಹಾಸಿಗೆ ಬಿಸಿಲಿಗೆ ಹಾಕಿಲ್ಲ, ಮಗೂಗೆ ತೊಟ್ಟಿಲು ಅಟ್ಟದ ಮೇಲಿದೆ, ಹಾಲಿನವನಿಗೆ ಹೇಳಿಲ್ಲ!" ಎಂದವರೇ ಮೂಲೆಯ ಪೊರಕೆ ಹಿಡಿದು, ತಂತಿಯವನು ನಿಂತಿದ್ದ ಜಾಗವನ್ನೇ ಗುಡಿಸತೊಡಗಿದರು. ಅವನು ಒಂದು ಕಾಲೆತ್ತಿ ನಿಂತ.

"ಯಾಕ್ರೀ ಇಷ್ಟು ಗಾಬರಿ? ನಿಧಾನ ಕಣ್ರೀ," ಎಂದರು ಅತ್ತೆ, ಸೌಟಿನಿಂದ ಹುಳಿ ತೊಟ್ಟಿಕ್ಕಿಸುತ್ತ.

ನಾನು ಜಗಲಿಗೆ ಮರಳಿ ಕುಳಿತೆ. ಒಂದೇ ಮನೆಬಾಗಿಲಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಗಾಬರಿಗಳು ನಡೆದಿದ್ದವು. ಮೊದಲನೆಯದರಲ್ಲಿ ಭಯವಿತ್ತು. ಎರಡನೆಯದರಲ್ಲಿ ಎಳ್ಳಷ್ಟೂ ಇರಲಿಲ್ಲ, ಬರೀ ಸಂತೋಷ. ಆದರೂ ಕೈಕಾಲು ಮಾಡಿದ ಕೆಲಸ ಒಂದೇ. ನೀರು, ಮಣೆ, ಪೊರಕೆ, ಸೌಟು, ಕೋಟು. ಎಲ್ಲರಿಗೂ ಆ ಗಳಿಗೆಯಲ್ಲೇ ಏನಾದರೂ ಮಾಡಬೇಕಾಗಿತ್ತು, ಏನೆಂದು ಒಬ್ಬರಿಗೂ ತೋಚಿರಲಿಲ್ಲ. ನನಗೂ.

ಗುಂಡುಸೂಜಿ ತೆಗೆದು ಮದುವೆಮನೆಯ ಚೀಟಿಯನ್ನು ಮಿಕ್ಕವುಗಳ ನಡುವೆ ಸೇರಿಸಿದೆ. ಶುದ್ಧಪ್ರತಿಯ ಮೇಲೆ ಅಡ್ಡಗೆರೆ ಎಳೆದೆ. ಆ ಹಾಳೆಗೆ ಇಬ್ಬರ ಒಪ್ಪಿಗೆ ಖಾತ್ರಿಯಿತ್ತು, ಹೊಸದಕ್ಕೆ ಒಬ್ಬರದೂ ಇರಲಿಲ್ಲ, ಮೂರನೆಯ ಅವಕಾಶವೂ ಇರಲಿಲ್ಲ. ಹೊಸ ಹಾಳೆಯಲ್ಲಿ ಬರೆದೆ: 'ಈಗಲೇ ಏನಾದರೂ ಮಾಡಬೇಕೆನಿಸಿ, ಏನು ಮಾಡಬೇಕೆಂದು ತೋಚದಿರುವ ಸ್ಥಿತಿ; ಅದರಿಂದಾಗುವ ತಡಬಡಿಕೆ.'

ಗುರುವಾರ ಒಂದು ಕೆಲಸ ಹೆಚ್ಚಾಗಿ ಮಾಡಿದೆ. ಕಳವಳದ ಚೀಟಿಗಳನ್ನು ತರಿಸಿಕೊಂಡು ಅವುಗಳಲ್ಲಿ ನನ್ನ ಅರ್ಥವನ್ನು ಕೂರಿಸಿ ನೋಡಿದೆ. ನಮ್ಮ ಪರೀಕ್ಷೆಯಲ್ಲಿ ಒಂದು ಕೊರತೆಯಿತ್ತು. ಅರ್ಥ ತನ್ನ ಪದಕ್ಕೆ ಹೊಂದುತ್ತದೆಯೇ ಎಂದಷ್ಟೇ ನಾವು ನೋಡುತ್ತಿದ್ದೆವು. ನೆರೆಯ ಪದಕ್ಕೆ ಹೊಂದದೆ ಇರುತ್ತದೆಯೇ ಎಂದು ನೋಡುತ್ತಿರಲಿಲ್ಲ. ಮೂರು ಪದಗಳು ಒಂದರೊಳಗೊಂದು ಸೇರಿಹೋದದ್ದು ಅದರಿಂದಲೇ. ಕಳವಳದ ಚೀಟಿಗಳಲ್ಲಿ ನನ್ನ ಅರ್ಥ ಎಲ್ಲೂ ಕೂರಲಿಲ್ಲ. ಕೂರದಿದ್ದುದಕ್ಕೆ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಶುಕ್ರವಾರ ಸಭೆಯಲ್ಲಿ ಹೊಸ ಹಾಳೆಯನ್ನು ಓದಿದಾಗ ಹಿರಿಯ ಸಹಾಯಕರು ಬೆಚ್ಚಿದರು. "ಇದಲ್ಲವಲ್ಲಮ್ಮ ನಾವು ಮಾತಾಡಿದ್ದು! 'ಭಯದಿಂದ' ಎಲ್ಲೋಯ್ತು?"

"ಭಯವಿಲ್ಲದೆಯೂ ಗಾಬರಿಯಾಗುತ್ತೆ, ಸರ್." ಎದುರು ಮನೆಯಲ್ಲಿ ನಡೆದದ್ದನ್ನು ಚಿಕ್ಕದಾಗಿ ಹೇಳಿದೆ. ಲಕೋಟೆಯ ಹಾಳೆ ಯಾರ ಕೈಯಲ್ಲಿ ತಲೆಕೆಳಗಾಗಿತ್ತು ಎಂಬುದನ್ನು ಹೇಳಲಿಲ್ಲ.

"ಎದುರು ಮನೆಯೋರು ಗಾಬರಿ ಬಿದ್ರು ಅಂತ ಕೋಶದಲ್ಲಿ ಆಕೋಕಾಯ್ತದಾ? ಅಚ್ಚಾದ ಪುಸ್ತಕದ ಆಧಾರ ಬೇಕು. ನಿಯಮ ನಿಯಮಾನೇ."

"ಅವರನ್ನು ಉದಾಹರಿಸಿಲ್ಲ, ಸರ್. ಉದಾಹರಣೆಗಳೆಲ್ಲ ಚೀಟಿಯವೇ. ಎಲ್ಲಿ ಕುಳಿತು ಯೋಚಿಸಬೇಕು ಅನ್ನೋದಕ್ಕೆ ನಿಯಮ ಇಲ್ಲವಲ್ಲ."

ಸಂಪಾದಕರು ಕೈಯೆತ್ತಿದರು. "ಓದಿ."

ಒಂದೊಂದಾಗಿ ಕೂರಿಸಿದೆ. ಕಳ್ಳ ನುಗ್ಗಿದ ಮನೆ ನಿಂತಿತು. ರೈಲು ತಪ್ಪಿದ ಗೃಹಸ್ಥರು ನಿಂತರು. ಮದುವೆಮನೆಗೆ ಬಂದಾಗ ನನ್ನ ದನಿ ಸ್ವಲ್ಪ ಇಳಿದಿರಬೇಕು, ಪಂಡಿತರು ಕಿವಿಗೆ ಕೈ ಹಿಡಿದರು. ಬೀಗರು ಬಂದಿಳಿದರು, ಮನೆಯವರಿಗೆಲ್ಲ ಈಗಲೇ ಏನಾದರೂ ಮಾಡಬೇಕೆನಿಸಿತು, ಏನೆಂದು ತೋಚಲಿಲ್ಲ.

"ನಿಂತಿತು," ಎಂದರು ಪಂಡಿತರು. "ನಮ್ಮ ಎರಡನೇ ಮಗಳ ಮದುವೇಲಿ ನಾನೂ ಹೀಗೇ ನಿಂತಿದ್ದೆ. ಬೀಗರ ಕೈಗೆ ಪಾನಕ ಕೊಡೋ ಬದಲು ನನ್ನ ಕನ್ನಡಕ ಕೊಟ್ಟಿದ್ದೆ. ಮುಂದೆ?"

ಹೊರಗಿಟ್ಟ ಚೀಟಿ ಯಾವುದೂ ಇಲ್ಲವೆಂದೆ. ಆಮೇಲೆ ಕೇಳದಿದ್ದರೂ ಕಳವಳದ ಚೀಟಿಗಳನ್ನು ತೆಗೆದು ಅಲ್ಲಿಯೂ ಕೂರಿಸಿ ತೋರಿಸಿದೆ. ಮಗನ ಕಾಗದ ಬಾರದೆ ತಾಯಿ ದಿನವೂ ಕಾದು ಕೂತ ವಾಕ್ಯ ಒಂದಿತ್ತು. ಆಕೆಗೆ ಏನು ಮಾಡಬೇಕೆಂದು ಗೊತ್ತಿದೆ: ಕಾಯಬೇಕು. ಮಾಡಲು ಬೇರೇನೂ ಇಲ್ಲ. ಗಾಬರಿ ಅಲ್ಲಿ ಕೂರುವುದಿಲ್ಲ.

ಹಿರಿಯ ಸಹಾಯಕರು ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ಅವರೇ ಆರಿಸಿದ್ದ ವಾಕ್ಯ. ಮತ್ತೊಮ್ಮೆ ಓದಿದರು. "ಸರಿ ಕಣಮ್ಮ," ಎಂದರು, ಸಣ್ಣಗೆ. "ಇದು ಕೂತ್ಕೊಳ್ಳೋದು. ಅದು ಎದ್ದು ಓಡೋದು. ನಾನು ಎರಡ್ನೂ ಒಂದೇ ಗೂಟಕ್ಕೆ ಕಟ್ಟಿದ್ದೆ."

"ಅಂದರೆ ನಿಮ್ಮ ಕಳವಳ ತಿದ್ದಬೇಕು," ಎಂದರು ಪಂಡಿತರು ಮೃದುವಾಗಿ.

"ತಿದ್ದೋಣ. ಸೋಮವಾರ..." ಎಂದವರು ಥಟ್ಟನೆ ಎದ್ದು ನಿಂತರು. "ಸೋಮವಾರ ಎಲ್ಲಿ! ಆ ಪುಟ ಈವತ್ತು ಮಧ್ಯಾಹ್ನ ಯಂತ್ರಕ್ಕೆ ಓಗ್ತದೆ ಅಂದಿದ್ರು!"

ಅಚ್ಚುಕೂಟ ನಮ್ಮ ಕಚೇರಿಗೆ ಹತ್ತಿರವೇ, ಎರಡು ಬೀದಿ ಆಚೆ. ಅವರು ಕಪಾಟಿನತ್ತ ಓಡಿ ಕರಡಚ್ಚು ತೆಗೆದರು, ಅದನ್ನು ಮೇಜಿನ ಮೇಲಿಟ್ಟು ಪೆನ್ಸಿಲ್ ಹುಡುಕಿದರು, ಪೆನ್ಸಿಲ್ ಸಿಕ್ಕ ಮೇಲೆ ಕರಡಚ್ಚು ಅಲ್ಲೇ ಬಿಟ್ಟು ಬಾಗಿಲಿಗೆ ಹೋದರು, ಹಿಂದೆ ಬಂದು ಅದನ್ನು ಎತ್ತಿಕೊಂಡು, ಬಾಗಿಲ ಬಳಿ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು. ಇಳಿಯುವ ಸದ್ದು ವಿಚಿತ್ರವಾಗಿತ್ತು.

ಪಂಡಿತರು ಬಾಗಿ ಬಾಗಿಲ ಕಡೆ ನೋಡಿದರು. "ಒಂದು ನನ್ನದು, ಒಂದು ಅವರದು," ಎಂದರು.

ಸಂಪಾದಕರು ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಅವರ ಭುಜಗಳು ಕುಣಿಯುತ್ತಿದ್ದವು. "ನನ್ನ ಸ್ವಂತ ವಾಕ್ಯ ಹೇಳುವುದು ಬಾಕಿಯಿತ್ತು. ಇನ್ನು ಬೇಕಾಗಿಲ್ಲ," ಎಂದು ನನ್ನ ಹಾಳೆಯ ಅಂಚಿನಲ್ಲಿ 'ಆಗಬಹುದು' ಎಂದು ಬರೆದು ಸಹಿ ಮಾಡಿದರು.

ಹಿರಿಯ ಸಹಾಯಕರು ಯಂತ್ರ ತಿರುಗುವ ಮುಂಚೆ ತಲುಪಿದ್ದರು. ಕಳವಳದಿಂದ ಗಾಬರಿಯನ್ನು ಕಿತ್ತು, ಆ ಜಾಗಕ್ಕೆ ಕಾಯುವುದರ ಬಗ್ಗೆ ಒಂದು ಸಾಲು ಹಾಕಿಸಿ, ಮಸಿ ಮೆತ್ತಿದ ಬೆರಳುಗಳೊಂದಿಗೆ ಹಿಂದಿರುಗಿದರು. ಪಂಡಿತರು ಅದುವರೆಗೆ ಮನೆಗೆ ಹೋಗಲಾರದೆ ತಮ್ಮ ಉಳಿದ ಒಂದು ಚಪ್ಪಲಿಯ ಪಕ್ಕದಲ್ಲಿ ಕುಳಿತಿದ್ದರು.

"ಬುಡಿ, ಒಬ್ಬರಾದ್ರೂ ನಿಧಾನಸ್ಥರು ಬೇಕಾಗಿತ್ತು ಇಲ್ಲಿ," ಎಂದರು ಹಿರಿಯ ಸಹಾಯಕರು ನನ್ನ ಕಡೆ ನೋಡಿ. ನನ್ನ ನಿಧಾನದ ವಿಷಯ ಅಗ್ರಹಾರದ ಒಂದು ಬೀದಿಗೆ ಮಾತ್ರ ಗೊತ್ತು.

ಸಂಜೆ ಹೊರಡುವ ಮುಂಚೆ ಸಂಪಾದಕರು ಕೋಣೆಯಿಂದ ಕರೆದರು. ಯುಗಾದಿಯ ಆಚೆಗೂ ಕೆಲಸ ಇದೆಯೆಂಬುದನ್ನು ಅವರು ಬೇರೆಯಾಗಿ ಹೇಳಲಿಲ್ಲ. ಗೋಡೆಯ ಪಕ್ಕಕ್ಕೆ ಕೈ ತೋರಿಸಿ, "ಗಾಬರಿಯ ನಂತರ ಸಣ್ಣಪುಟ್ಟ ಪದಗಳು ಕೆಲವಿವೆ, ಅವನ್ನು ನಮ್ಮ ಹಿರಿಯ ಸಹಾಯಕರು ನೋಡಿಕೊಳ್ಳಲಿ. 'ಗಾಳಿ' ನೀವು ಮಾಡಿ," ಎಂದರು.

ಗಾಳಿ ಹಳೆಗನ್ನಡದಿಂದ ಹಿಡಿದು ಆ ತಿಂಗಳ ಪತ್ರಿಕೆಯವರೆಗೆ ಎಲ್ಲ ಕಡೆಯೂ ಬೀಸಿತ್ತು. ಚೀಟಿಗಳು ಒಂದು ಕಟ್ಟಿನಲ್ಲಿ ಹಿಡಿಸದೆ ಹಣ್ಣು ತುಂಬುವ ಮರದ ಪೆಟ್ಟಿಗೆಯೊಂದರಲ್ಲಿ ತುಂಬಿಟ್ಟಿದ್ದರು. ಬಗ್ಗಿ ಎತ್ತಲು ನೋಡಿದೆ, ಅಲುಗಲಿಲ್ಲ. ಹಿರಿಯ ಸಹಾಯಕರು ಬಂದು ಮಸಿಯ ಕೈಯಿಂದಲೇ ಇನ್ನೊಂದು ತುದಿ ಹಿಡಿದರು.

"ಎತ್ತಿ ತಾಯಿ, ಎತ್ತಿ. ಗಾಳಿ ಇಷ್ಟು ಭಾರ ಅಂತ ಯಾವನಿಗೆ ಗೊತ್ತಿತ್ತು?"

ಇಬ್ಬರೂ ಸೇರಿ ಅದನ್ನು ನನ್ನ ಮೇಜಿಗೆ ಸಾಗಿಸಿದೆವು.